ವಿಷ್ಣುಮೂರ್ತಿಗಳು ಕೊಟ್ಟ ಜಾಗದ ಚೀಟಿ

ಐರೋಲಿಯ ವಿಷ್ಣುಮೂರ್ತಿ ರಾಯರು ಮೂವತ್ತೊಂದು ವರ್ಷ ಒಂದು ಔಷಧ ಕಂಪೆನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಅವರ ಸ್ಟೋರಿನಲ್ಲಿ ಪ್ರತಿ ವಸ್ತುವಿಗೂ ಒಂದು ಹೆಸರು, ಒಂದು ನಂಬರು, ಒಂದು ಕಪಾಟು ಇತ್ತು. ಹೆಸರಿಲ್ಲದ ಸಾಮಾನು ಬಂದರೆ ಟೆಂಪೋವನ್ನು ಗೇಟಿನಲ್ಲೇ ನಿಲ್ಲಿಸಿಬಿಡುತ್ತಿದ್ದರು. ಇಂಥವರಿಗೆ, ನಿವೃತ್ತಿಯಾದ ಮರುವರ್ಷ, ಅಂದರೆ ಎರಡು ಸಾವಿರದ ಹದಿನಾಲ್ಕರಲ್ಲಿ, ಸ್ವಂತ ಮಗಳು ಮಾಡುವ ಕೆಲಸಕ್ಕೆ ಏನು ಹೆಸರು ಎಂದು ತಿಳಿಯದೆ ಹೋಯಿತು.

ಮಗಳು ಶ್ರೀಪ್ರಿಯಾ ಆರ್ಕಿಟೆಕ್ಚರ್ ಓದಿದವಳು. ಬೇಲಾಪುರದ ಕಡೆಯ ಒಂದು ಸಂಸ್ಥೆಯಲ್ಲಿ ನಾಲ್ಕು ವರ್ಷ ದುಡಿದ ಮೇಲೆ ಅವಳಿಗೆ ಬಡ್ತಿ ಬಂತು. ಹೊಸ ವಿಸಿಟಿಂಗ್ ಕಾರ್ಡಿನಲ್ಲಿ 'ಲೀಡ್, ಸಸ್ಟೈನೇಬಲ್ ಅರ್ಬನ್ ಡೆವಲಪ್‌ಮೆಂಟ್ ಆ್ಯಂಡ್ ಪ್ಲೇಸ್‌ಮೇಕಿಂಗ್' ಎಂದು ಎರಡು ಸಾಲು ತುಂಬಾ ಅಚ್ಚಾಗಿತ್ತು. ರಾಯರು ಅದನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿದರು. ಎದುರು ಮನೆಯವರ ಮಗ ಸಿ.ಎ., ಮೇಲಿನ ಮಾಳಿಗೆಯವರ ಸೊಸೆ ಡೆಂಟಿಸ್ಟು. ಹೀಗೆ ಒಂದು ಉಸಿರಿನಲ್ಲಿ ಹೇಳಿ ಮುಗಿಸುವಂಥ ಕೆಲಸ ತನ್ನ ಮಗಳಿಗೆ ಯಾಕೆ ಸಿಗಲಿಲ್ಲ ಎಂದು ಅವರಿಗೆ ಸ್ವಲ್ಪ ಬೇಸರವೇ ಆಯಿತು. ಕೊನೆಗೆ ಒಂದು ಬೆಳಿಗ್ಗೆ, ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಧೈರ್ಯ ಮಾಡಿ ಕೇಳಿದರು.

"ಸಿಂಪಲ್ ಹೈ ಪಪ್ಪಾ," ಎಂದಳು ಅವಳು. "ರೋಡ್ ಬದಿ ಖಾಲಿ ಕೋನಾ ಇರ್ತದಲ್ಲ, ಎಲ್ಲರೂ ಕಚರಾ ಹಾಕುವ ಕಡೆ? ಜನ ಅಲ್ಲಿ ಬರಬೇಕು, ಕೂತ್ಕೊಳ್ಳಬೇಕು, ಮಾತಾಡಬೇಕು. ಹಮ್ ಉಸ್‌ಕೋ ಜಗಹ್ ಬನಾತೇ ಹೈಂ."

ಅವಳಿಗೆ ಎಂಟು ಹನ್ನೆರಡರ ಟ್ರೇನು ಹಿಡಿಯಬೇಕಿತ್ತು. ರಾಯರ ಕಿವಿಯಲ್ಲಿ ಉಳಿದದ್ದು ಕೊನೆಯ ಎರಡು ಮಾತು ಮಾತ್ರ. ಅದನ್ನು ಅವರು ಬಾಗಿಲ ಬಳಿಯೇ ನಿಂತು ಕನ್ನಡಕ್ಕೆ ತಂದುಕೊಂಡರು: ಜಾಗ ಮಾಡುವುದು. ಎಷ್ಟು ಚಿಕ್ಕದು, ಎಷ್ಟು ಚೊಕ್ಕ. ಅವರ ಊರಾದ ಉಡುಪಿಯ ಕಡೆ 'ಇಂಥವರು ಜಾಗ ಮಾಡಿದರು' ಎಂದರೆ ಭೂಮಿ ಖರೀದಿಸಿದರು ಎಂದೇ ಅರ್ಥ. ಆದರೆ ಹೆಸರು ಸಿಕ್ಕಿದ ಖುಷಿಯಲ್ಲಿ ಅದು ಅವರಿಗೆ ಹೊಳೆಯಲಿಲ್ಲ.

ಮುಂದಿನ ಭಾನುವಾರ ರಾಯರ ಕಟ್ಟಡದಲ್ಲೇ ಒಂದು ಸತ್ಯನಾರಾಯಣ ಪೂಜೆ. ಊಟದ ಪಂಕ್ತಿಯಲ್ಲಿ ಯಾರೋ ಮಗಳ ವಿಚಾರ ಕೇಳಿದರು. ರಾಯರು ಸಾರಿನ ಅನ್ನಕ್ಕೆ ಗುಳಿ ಮಾಡುತ್ತ, "ಅವಳು ಜಾಗ ಮಾಡುವುದು. ನವಿ ಮುಂಬಯಿಗೆ ಇಡೀ ಅವಳೇ ಲೀಡು," ಎಂದರು.

ಪಂಕ್ತಿ ಒಂದು ಕ್ಷಣ ಉಣ್ಣುವುದನ್ನು ನಿಲ್ಲಿಸಿತು. ಬಡಿಸುವವರು ಅಂದು ರಾಯರ ಎಲೆಗೆ ಮೂರು ಸಲ ಪಾಯಸ ಹಾಕಿದರು. ಮರುದಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಎರಡು ವರ್ಷದಿಂದ ರಾಯರ ಬಾತ್‌ರೂಮಿನ ಸೋರಿಕೆಯ ಅರ್ಜಿಯನ್ನು ಕಣ್ಣೆತ್ತಿ ನೋಡದವರು, ತಾವೇ ಪ್ಲಂಬರನನ್ನು ಕರೆದುಕೊಂಡು ಬಂದರು. ಸೋರಿಕೆ ನಿಂತಿತು. ಹೋಗುವಾಗ ಸೆಕ್ರೆಟರಿ, ಮೇಡಂಗೆ ನನ್ನ ನಮಸ್ಕಾರ ತಿಳಿಸಿ ಎಂದು ಹೇಳಿದ್ದೂ ಅಲ್ಲದೆ ತಮ್ಮ ಮೈದುನನಿಗೆ ಒಂದು ಜಾಗ ಬೇಕಾಗಿದೆ ಎಂಬುದನ್ನೂ ಸೂಚಿಸಿದರು. ರಾಯರು, "ನೋಡುವ," ಎಂದರು.

ಈ 'ನೋಡುವ' ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕರಾವಳಿಯಲ್ಲಿ ಅದಕ್ಕೆ ಹೌದು ಎಂಬ ಅರ್ಥವೂ ಇಲ್ಲ, ಅಲ್ಲ ಎಂಬ ಅರ್ಥವೂ ಇಲ್ಲ. ಮದುವೆಗೆ ಬರುತ್ತೀರಾ ಎಂದರೂ ನೋಡುವ, ಸತ್ತವರು ಸ್ವರ್ಗಕ್ಕೆ ಹೋಗುತ್ತಾರಾ ಎಂದರೂ ನೋಡುವ. ಆದರೆ ಊರು ಬಿಟ್ಟು ಇತ್ತ ಮುಂಬಯಿಗೆ ಬಂದರೆ ಅದಕ್ಕೆ ಬೇರೆ ಬೆಲೆ. ಸೆಕ್ರೆಟರಿ ಅದನ್ನು ಕೆಲಸ ಆಯಿತು ಎಂದೇ ತಿಳಿದು ಮೈದುನನಿಗೆ ಫೋನು ಮಾಡಿದರು.

ಮೂರನೆಯ ದಿನ ಘಣಸೋಲಿಯಿಂದ ಮುಂಡಪ್ಪ ಶೆಟ್ಟರು ಬಂದರು. ಇವರದು ಅಲ್ಲಿ ಹಳೆ ಊರು ಮುಗಿದು ಹೊಸ ಸೆಕ್ಟರು ಶುರುವಾಗುವಲ್ಲಿ ಒಂದು ವೆಜ್ ಹೋಟೆಲು. ರಾಯರ ಮೂವತ್ತು ವರ್ಷದ ಗೆಳೆಯ. ಒಂದು ಕಿಲೋ ಮೈಸೂರು ಪಾಕನ್ನು ಟೀಪಾಯಿಯ ಮೇಲಿಟ್ಟು, "ರಾಯರೇ, ನನಗೆ ಹೆಚ್ಚೇನೂ ಬೇಡ ಮಾರಾಯ್ರೆ. ಹೋಟೆಲಿನ ಎದುರು ಮೂರು ಫೂಟು. ಮಗಳ ಹತ್ತಿರ ಒಂದು ಮಾತು ಹಾಕಿ," ಎಂದರು. ರಾಯರು ಪೊಟ್ಟಣದ ದಾರ ಬಿಚ್ಚುತ್ತ ನೋಡುವ ಎಂದರು.

ಆಮೇಲೆ ಡೊಂಬಿವಿಲಿಯಿಂದ ಅಕ್ಕು ಚಿಕ್ಕಮ್ಮ ಬಂದಿಳಿದರು. ರಾಯರ ಹೆಂಡತಿ ವಸಂತಿಯವರ ತಾಯಿಯ ತಂಗಿ, ಎಪ್ಪತ್ತರ ಹೆಂಗಸು. ಠಾಣೆಯಲ್ಲಿ ಟ್ರೇನು ಬದಲಿಸಿ, ಒಂದು ಸ್ಟೀಲ್ ಡಬ್ಬ ಪತ್ರೊಡೆಯ ಜೊತೆ ಬಂದಿದ್ದರು. ತನಗೆ ಪೂರ್ವದಿಕ್ಕಿಗೆ ಮುಖವಿರುವ ಒಂದು ಸಣ್ಣ ಜಾಗ ಸಾಕೆಂದೂ, ಭೂಮಿಪೂಜೆಗೆ ದಿನ ಈಗಾಗಲೇ ನೋಡಿಸಿದೆ ಎಂದೂ ಹೇಳಿ ಪತ್ರೊಡೆ ಬಡಿಸಿದರು. ವಸಂತಿಯವರು ಗಂಡನನ್ನು ಅಡಿಗೆಮನೆಗೆ ಕರೆದರು.

"ಪ್ರಿಯಾ ಯಾರಿಗೆ ಜಾಗ ಕೊಡುವವಳು? ನೀವು ಎಂತ ಹೇಳಿಕೊಂಡು ಬಂದದ್ದು?"

"ನಾನು ಎಂತದೂ ಹೇಳಲಿಲ್ಲ," ಎಂದರು ರಾಯರು. "ನೋಡುವ ಅಂತ ಮಾತ್ರ ಹೇಳಿದ್ದು."

ಇದು ಸುಳ್ಳಲ್ಲ. ಆದರೆ ಬಂದವರಿಗೆ ಸರಿಯಾದದ್ದನ್ನು ಹೇಳಬೇಕಾದರೆ ಸರಿಯಾದದ್ದು ಏನೆಂದು ಮಗಳನ್ನು ಮತ್ತೆ ಕೇಳಬೇಕು. ಅಪ್ಪನಿಗೆ ತನ್ನ ಕೆಲಸ ಅರ್ಥವಾಗಲಿಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ. ಅದಕ್ಕಿಂತ ಪತ್ರೊಡೆ ತಿನ್ನುತ್ತ ಸುಮ್ಮನಿರುವುದು ವಾಸಿ ಎಂದು ರಾಯರಿಗೆ ಕಂಡಿತು.

ಶ್ರೀಪ್ರಿಯಾಳಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವಳ ಚಿಂತೆ ಬೇರೆ. ಮುಂಡಪ್ಪ ಶೆಟ್ಟರ ಹೋಟೆಲಿನ ಪಕ್ಕದಲ್ಲೇ ಮೂರು ರಸ್ತೆ ಕೂಡುವ ಕಡೆ ಒಂದು ಮುಮ್ಮೂಲೆ ನೆಲವಿತ್ತು. ಒಂದು ದೊಡ್ಡ ಮಳೆಮರ, ಅದರ ಬುಡದಲ್ಲಿ ಕಸದ ರಾಶಿ, ಚಕ್ರವಿಲ್ಲದ ಒಂದು ರಿಕ್ಷಾ. ಅಲ್ಲಿ ಜನ ಕೂರುವಂಥದ್ದೊಂದನ್ನು ಮಾಡುವುದು ಅವಳ ಮೊದಲ ಸ್ವತಂತ್ರ ಕೆಲಸ. ಊರಿನವರನ್ನು ಕೇಳದೆ ಒಂದು ಕಲ್ಲನ್ನೂ ಇಡಬಾರದು ಎಂಬುದು ಅವಳ ಹಟ. ಕೇಳುವುದಕ್ಕೆ ಎರಡು ಸಭೆ ಕರೆದಿದ್ದಳು. ಮೊದಲನೆಯದಕ್ಕೆ ಇಬ್ಬರು ಬಂದರು. ಎರಡನೆಯದಕ್ಕೆ ಮೂವರು, ಅವರಲ್ಲಿ ಒಬ್ಬರು ಕಣ್ಣಿನ ತಪಾಸಣೆ ಶಿಬಿರ ಎಂದುಕೊಂಡು ಬಂದವರು. ಮೂರನೆಯ ಸಭೆಗೂ ಜನ ಬರದಿದ್ದರೆ ಯೋಜನೆ ಕೈಬಿಟ್ಟು ಆ ನೆಲಕ್ಕೆ ಡಾಂಬರು ಹಾಕಿ ಪಾರ್ಕಿಂಗ್ ಮಾಡುವುದು ಎಂದು ಅವಳ ಸಾಹೇಬರು ಹೇಳಿದ್ದರು. ಅವಳು ಊಟಕ್ಕೆ ಕೂತು ಇದನ್ನು ಹೇಳಿ, ಮಜ್ಜಿಗೆ ಅನ್ನ ಬಿಟ್ಟು ಎದ್ದಳು.

ಮಗಳು ಮಜ್ಜಿಗೆ ಅನ್ನ ಬಿಟ್ಟದ್ದನ್ನು ರಾಯರು ಅವಳು ಹುಟ್ಟಿದಾರಭ್ಯ ಕಂಡವರಲ್ಲ. ಮರುದಿನವೇ ಘಣಸೋಲಿಗೆ ಹೋಗಿ ಮುಂಡಪ್ಪ ಶೆಟ್ಟರ ಗಲ್ಲಾಪೆಟ್ಟಿಗೆಯ ಪಕ್ಕ ಕೂತರು. ಜನ ಬರುವ ಹಾಗೆ ಏನಾದರೂ ಮಾಡಬೇಕು ಎಂದರು. ಶೆಟ್ಟರು ವ್ಯಾಪಾರ ತಿಳಿದವರು. ಸುಮ್ಮನೆ ಬನ್ನಿ ಎಂದರೆ ಮುಂಬಯಿಯಲ್ಲಿ ಯಾರೂ ಬರುವುದಿಲ್ಲ, ನಂಬರು ಕೊಟ್ಟರೆ ಬರುತ್ತಾರೆ ಎಂದು ಅವರ ಅಭಿಪ್ರಾಯ. ಈ ಮಾತು ಸ್ಟೋರ್‌ಕೀಪರನ ಎದೆಗೆ ನೇರವಾಗಿ ತಾಗಿತು. ರಾಯರು ಅಂದು ಮಧ್ಯಾಹ್ನವೇ ನೂರು ಚೀಟಿ ಕತ್ತರಿಸಿ, ಒಂದರಿಂದ ನೂರರವರೆಗೆ ನಂಬರು ಹಾಕಿ, 'ಜಾಗದ ಸಭೆ, ಭಾನುವಾರ ಹತ್ತು ಗಂಟೆ' ಎಂದು ಮರಾಠಿಯಲ್ಲಿ ಬರೆದು, ಕಂಪೆನಿಯಿಂದ ನೆನಪಿಗೆಂದು ತಂದಿದ್ದ ರಬ್ಬರ್ ಸ್ಟಾಂಪನ್ನು ಪ್ರತಿಯೊಂದಕ್ಕೂ ಒತ್ತಿದರು. ಸ್ಟಾಂಪಿನಲ್ಲಿ 'ತಪಾಸಣೆಯಾಗಿದೆ, ಸ್ವೀಕರಿಸಲಾಗಿದೆ' ಎಂದು ಇಂಗ್ಲಿಷಿನಲ್ಲಿತ್ತು.

ಘಣಸೋಲಿಯ ಹಳೆ ಊರಿನವರು ಈ ಶಹರ ಏಳುವಾಗ ಗದ್ದೆ, ಉಪ್ಪಿನ ಹೊಲ ಬಿಟ್ಟುಕೊಟ್ಟವರು. ಅವರ ಮುಂದೆ ಜಾಗ ಎಂಬ ಮಾತನ್ನು ಹಗುರವಾಗಿ ಆಡಬಾರದು. ಸ್ಟಾಂಪು ಒತ್ತಿ ಆಡಲೇಬಾರದು. ಬುಧವಾರ ಚೀಟಿ ಹಂಚಿಕೆ ಶುರುವಾಯಿತು, ಗುರುವಾರ ಮುಗಿಯಿತು. ಶುಕ್ರವಾರದ ಹೊತ್ತಿಗೆ 'ಜಾಗದ ಸಭೆ' ಎನ್ನುವುದು 'ಜಾಗದ ಹಂಚಿಕೆ' ಆಗಿತ್ತು. ಶನಿವಾರ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯವನು ಕಾಗದ ಮುಗಿದು ರಬಾಳೆಯಿಂದ ತರಿಸಿದನಂತೆ.

ಭಾನುವಾರ ಅಕ್ಟೋಬರಿನ ಬಿಸಿಲು ಒಂಬತ್ತಕ್ಕೇ ನೆತ್ತಿಗೆ ಬಡಿಯುತ್ತಿತ್ತು. ಶ್ರೀಪ್ರಿಯಾ ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಮೂಲೆಯ ನಕ್ಷೆ ಬರೆದ ಒಂದು ದೊಡ್ಡ ಹಾಳೆ, ಬಣ್ಣದ ಬಿಂದಿಯಂಥ ಸ್ಟಿಕ್ಕರುಗಳ ಜೊತೆ ಟೆಂಪೋದಿಂದ ಇಳಿದಾಗ ಅಲ್ಲಿ ನಾನೂರು ಜನ ನಿಂತಿದ್ದರು. ಅವಳ ಕಣ್ಣು ತುಂಬಿಬಂತು. ಊರು ಕೊನೆಗೂ ಎಚ್ಚರಗೊಂಡಿತು ಎಂದುಕೊಂಡಳು. ಅಷ್ಟರಲ್ಲಿ ಮುಂದಿದ್ದ ಒಬ್ಬ ಅಜ್ಜ ಅವಳ ಕೈಗೆ ರೇಷನ್ ಕಾರ್ಡು, ಜಮೀನಿನ ಪಹಣಿ, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಕೊಟ್ಟು, ತನ್ನದು ಕಾರ್ನರ್ ಪ್ಲಾಟೇ ಆಗಬೇಕೆಂದರು. ಹಿಂದೆ ಸೊಸೈಟಿ ಸೆಕ್ರೆಟರಿಯ ಮೈದುನ ಟೇಪು ಹಿಡಿದು ನಿಂತಿದ್ದ. ಅಕ್ಕು ಚಿಕ್ಕಮ್ಮ ತೆಂಗಿನಕಾಯಿ ತಂದಿದ್ದರು. ಜನ ಸೇರಿದ್ದನ್ನು ಕಂಡು ಬಂದ ಒಬ್ಬ ಹವಾಲ್ದಾರ, ಮಾಹಿತಿ ಕೇಳಿ, ತಾನೂ ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ಸ್ಟಾಂಪು ಒತ್ತಿದ ಒಂದು ಚೀಟಿ ಶ್ರೀಪ್ರಿಯಾಳ ಕೈಗೆ ಬಂತು. ಆ ಅಕ್ಷರ ಅವಳು ಶಾಲೆಯ ಪ್ರಗತಿಪತ್ರದಲ್ಲಿ ಪಾಲಕರ ಸಹಿಯ ಕಡೆ ಹತ್ತು ವರ್ಷ ಕಂಡ ಅಕ್ಷರ. ಅವಳು ತಿರುಗಿ, ಮುಂಡಪ್ಪ ಶೆಟ್ಟರ ಪಕ್ಕ ನಿಂತಿದ್ದ ಅಪ್ಪನನ್ನು ನೋಡಿದಳು.

ರಾಯರು ಓಡಿಹೋಗಬಹುದಿತ್ತು, ಸ್ಟೇಷನ್ ಹತ್ತಿರವೇ ಇತ್ತು. ಅವರು ಒಂದು ಕುರ್ಚಿ ಎಳೆದು ಅದರ ಮೇಲೆ ಹತ್ತಿದರು. ತಮಗೆ ಬರುವ ಮರಾಠಿಯಲ್ಲಿ, ಇಲ್ಲಿ ಯಾರಿಗೂ ಭೂಮಿ ಕೊಡುವುದಿಲ್ಲ, ಕೂರುವ ಜಾಗ ಹೇಗಿರಬೇಕೆಂದು ಕೇಳುವ ಸಭೆ ಇದು, ಚೀಟಿ ತನ್ನದು, ತಪ್ಪೂ ತನ್ನದು, ಹುಡುಗಿಗೆ ಇದರ ಗಾಳಿಯೂ ಗೊತ್ತಿಲ್ಲ ಎಂದು ಹೇಳಿದರು. ಆಮೇಲೆ ಕುರ್ಚಿಯ ಮೇಲಿಂದಲೇ ಮಗಳ ಕಡೆ ತಿರುಗಿ ಕನ್ನಡದಲ್ಲಿ, "ಮಗಾ, ನೀನು ಎಂತ ಕೆಲಸ ಮಾಡುವುದು ಅಂತ ನನಗೆ ಅವತ್ತು ತಿಳಿಯಲಿಲ್ಲ. ಮತ್ತೆ ಕೇಳಲಿಕ್ಕೆ ನಾಚಿಕೆ ಆಯಿತು," ಎಂದರು.

ನಾನೂರು ಜನ ಒಮ್ಮೆಗೇ ಗೊಣಗಿದರೆ ಅದು ಜೇನುಗೂಡಿನ ಸದ್ದಲ್ಲ, ಲೋಕಲ್ ಟ್ರೇನು ಹತ್ತಿರ ಬರುವ ಸದ್ದು. ಎಲ್ಲರಿಗಿಂತ ಮುಂದೆ ವನಮಾಲಾ ಬಂದಳು. ದಿನಾ ಸಂಜೆ ಅದೇ ಮೂಲೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವ ಗಟ್ಟಿ ಹೆಂಗಸು. ಸೊಂಟಕ್ಕೆ ಕೈಕೊಟ್ಟು, "ಜಾಗಾ ನಾಯ್, ತರ್ ಬೋಲಾವ್ಲಾ ಕಶಾಲಾ?" ಎಂದು ಕೇಳಿದಳು. ಜಾಗವಿಲ್ಲದಿದ್ದರೆ ಕರೆದದ್ದು ಯಾಕೆ ಎಂಬ ಈ ಪ್ರಶ್ನೆಗೆ ರಾಯರು ಮುಂಡಪ್ಪ ಶೆಟ್ಟರ ಕಡೆ ನೋಡಿದರು. ಕುರ್ಚಿಯ ಒಂದು ಕಾಲು ಬೇರೆ ಅಲುಗಾಡುತ್ತಿತ್ತು.

ಆಗ ಪಕ್ಕದಿಂದ ಒಬ್ಬಳು ಹೆಂಗಸು ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಬಂದಳು. ಶರಣಬಸಮ್ಮ, ಕಲಬುರಗಿ ಕಡೆಯವಳು, ಆ ರಸ್ತೆಗಳ ಕಸ ಗುಡಿಸುವ ಗುಂಪಿನವಳು. ಅವಳ ಹಿಂದೆ ಅವಳಂತೆಯೇ ಹಸಿರು ಕೋಟು ತೊಟ್ಟ ಆರು ಜನ.

"ನಂದು ಅರವತ್ಮೂರನೇ ನಂಬರ್ರಿ," ಎಂದಳು. "ಭೂಮಿ ಇಲ್ಲಂದ್ರ ಇಲ್ಲ ಬಿಡ್ರಿ, ನಾವೇನು ಕಾಗದ ತಂದಿಲ್ಲ. ಮಧ್ಯಾಹ್ನ ರೊಟ್ಟಿ ತಿನ್ನಾಕ ಅರ್ಧ ತಾಸು ಕುಂದರಾಕ ಒಂದು ಜಾಗ ಬೇಕ್ರಿ. ಎಲ್ಲಿ ಕುಂತ್ರೂ ಯಾರರ ಬಂದು ಏಳು ಅಂತಾರ."

ಶ್ರೀಪ್ರಿಯಾ ಕಣ್ಣೊರಸಿಕೊಂಡಳು. ಎಲ್ಲಿ ಬೇಕು ಎಂದು ಕೇಳಿದಳು. ಶರಣಬಸಮ್ಮ ಮರದ ಬುಡಕ್ಕೆ ನಡೆದು, ಅಲ್ಲಿಂದ ಆರು ಹೆಜ್ಜೆ ಬಡಗಣಕ್ಕೆ ಹೋಗಿ, ಮಧ್ಯಾಹ್ನದ ನೆರಳು ಬೀಳುವುದು ಇಲ್ಲಿ, ಅಲ್ಲಲ್ಲ ಎಂದು ಹಿಮ್ಮಡಿಯಿಂದ ಗೆರೆ ಎಳೆದು ತೋರಿಸಿದಳು. ಶ್ರೀಪ್ರಿಯಾ ಹಾಳೆಯ ಮೇಲೆ ಆ ಕಡೆಗೆ ಒಂದು ಕೆಂಪು ಚುಕ್ಕೆ ಅಂಟಿಸಿ, ಪಕ್ಕದಲ್ಲಿ ಅರವತ್ಮೂರು ಎಂದು ಬರೆದಳು.

ವನಮಾಲಾ ಅದನ್ನು ನೋಡಿದಳು. ಅವಳ ಕೈಯಲ್ಲಿದ್ದದ್ದು ಅರವತ್ತನಾಲ್ಕು. ಅರವತ್ಮೂರಕ್ಕೆ ಚುಕ್ಕೆ ಸಿಕ್ಕಿದ ಮೇಲೆ ಅರವತ್ತನಾಲ್ಕಕ್ಕೆ ಸಿಗದಿದ್ದರೆ ಅದು ಅನ್ಯಾಯ. ಹಾಗಾದರೆ ತನಗೆ ಬುಟ್ಟಿ ತೊಳೆಯಲು ಒಂದು ನಲ್ಲಿ ಬರೆದುಕೊಳ್ಳಿ ಎಂದಳು. ಅದಕ್ಕೂ ಒಂದು ಚುಕ್ಕೆ ಬಿತ್ತು. ಇನ್ನು ಜನ ಬಿಡುತ್ತಾರೆಯೇ? ಬಿಸಿಲಿನಲ್ಲಿ ಎರಡು ತಾಸು ನಿಂತವರು ಬರಿಗೈಯಲ್ಲಿ ಮನೆಗೆ ಹೋಗುವುದು ನವಿ ಮುಂಬಯಿಯ ಪದ್ಧತಿಯಲ್ಲ. ಭೂಮಿ ಇಲ್ಲದಿದ್ದರೆ ಒಂದು ದೀಪವಾದರೂ ಇರಲಿ, ಆ ರಿಕ್ಷಾವನ್ನಾದರೂ ಎತ್ತಿಸಿ, ಕಸದ ಡಬ್ಬ ಅತ್ತಲಾದರೂ ಸರಿಯಲಿ ಎಂದು ಮುಗಿಬಿದ್ದರು. ರಾಯರು ಕುರ್ಚಿಯಿಂದ ಇಳಿದು ತಮ್ಮ ಹಳೆಯ ದನಿಯಲ್ಲಿ, ಒಂದನೇ ನಂಬರಿನಿಂದ, ಒಬ್ಬೊಬ್ಬರನ್ನೇ ಕರೆಯತೊಡಗಿದರು. ಸ್ಟೋರಿನ ಕಿಟಕಿಯಲ್ಲಿ ಸಾಮಾನು ಕೊಡುವಾಗ ಹೇಗೋ ಹಾಗೆ.

ಇಪ್ಪತ್ತೇಳನೆಯ ನಂಬರು ಕರೆದಾಗ ಹನ್ನೊಂದು ಜನ ಬಂದರು. ಒಂದೇ ಚಾಳಿನ ಸಾಲುಮನೆಯವರು, ಒಂದೇ ಚೀಟಿಯ ಝೆರಾಕ್ಸು. ಹನ್ನೊಂದು ಜನವೂ ಬಸ್‌ಸ್ಟಾಪಿನ ಹತ್ತಿರ ದೀಪ ಬೇಕು ಎಂದರು. ಹನ್ನೊಂದು ಚುಕ್ಕೆ ಒಂದೇ ಕಡೆ ಬಿದ್ದು ಅಲ್ಲೊಂದು ಕೆಂಪು ಗುಡ್ಡೆಯಾಯಿತು. ಅಕ್ಕು ಚಿಕ್ಕಮ್ಮ ಪೂರ್ವಕ್ಕೆ ಮುಖವಿಲ್ಲದ ಬೆಂಚಿನಲ್ಲಿ ತನ್ನ ವಯಸ್ಸಿನವರು ಕೂರುವುದಿಲ್ಲ ಎಂದು ಬರೆಸಿ, ತಂದ ತೆಂಗಿನಕಾಯಿಯನ್ನು ಮರದ ಬುಡದಲ್ಲೇ ಒಡೆದರು. ಹವಾಲ್ದಾರನಿಗೆ ಬೇಕಾದದ್ದು ನೆರಳು ಮಾತ್ರ. ಮೈದುನನ ಟೇಪು ಅಳತೆಗೆ ಬಂತು.

ಮುಂಡಪ್ಪ ಶೆಟ್ಟರು ಮಾತ್ರ ಅಂದು ಕೆಟ್ಟರು. ಸಾಲಿನವರಿಗೆ ಮಾರಿ ಮಾರಿ ಇಡ್ಲಿ, ಚಹಾ ಮುಗಿದು, ಇನ್ನು ತನ್ನ ಮೂರು ಫೂಟಿನ ವಿಚಾರ ಎತ್ತಬೇಕು ಎನ್ನುವಾಗ ಎಂಬತ್ತನೆಯ ನಂಬರಿನವರು ಬಂದು, ಹೋಟೆಲಿನ ತೊಳೆದ ನೀರು ಈ ಮೂಲೆಗೇ ಬರುತ್ತದೆ, ಅದರ ಕಟ್ಟೆಯೂ ರಸ್ತೆಗೆ ಬಂದಿದೆ ಎಂದು ಬರೆಸಿದರು. ಎಂಬತ್ತೊಂದು, ಎಂಬತ್ತೆರಡು, ಎಂಬತ್ತಮೂರು ಅದನ್ನೇ ಅನುಮೋದಿಸಿದರು. ಮೂರು ಫೂಟು ಕೇಳಲು ಹೊರಟ ಶೆಟ್ಟರು ಒಂದೂವರೆ ಫೂಟು ಬಿಟ್ಟುಕೊಡಲು ಒಪ್ಪಿ ಸಹಿ ಹಾಕಬೇಕಾಯಿತು. "ರಾಯರೇ, ನಿಮ್ಮ ಮಗಳು ಜಾಗ ಮಾಡುವುದು ಹೌದು. ನನ್ನದರಿಂದ," ಎಂದರು. ಆದರೆ ಇಡ್ಲಿ ಮಾರಿದ ಸಂತೋಷ ಮುಖದಲ್ಲಿ ಇದ್ದೇ ಇತ್ತು.

ಸಭೆಗೆ ಜನ ಬಂದಿಲ್ಲ ಎಂದು ದಾಖಲಿಸಿಕೊಂಡು ಹೋಗಲು ಹನ್ನೆರಡೂವರೆಗೆ ಸಾಹೇಬರು ಬಂದರು. ಹಾಳೆಯಲ್ಲಿ ಚುಕ್ಕೆಗೆ ಜಾಗವಿರಲಿಲ್ಲ. ಅವರು ಜನವನ್ನೂ ಹಾಳೆಯನ್ನೂ ನೋಡಿ, ಇಷ್ಟು ಮಂದಿಯನ್ನು ಹೇಗೆ ಸೇರಿಸಿದಿರಿ ಎಂದು ಕೇಳಿದರು. ಶ್ರೀಪ್ರಿಯಾ ಅಪ್ಪನ ಕಡೆ ಕೈ ತೋರಿಸಿ, ಸ್ಥಳೀಯ ಸ್ವಯಂಸೇವಕರು ಎಂದಳು. ಸಾಹೇಬರು ರಾಯರ ಕೈ ಕುಲುಕಿ, ಅವರ ಚೀಟಿಯ ಪದ್ಧತಿಯನ್ನು ಡೈರಿಯಲ್ಲಿ ಬರೆದುಕೊಂಡರು. ಪಾರ್ಕಿಂಗಿನ ಮಾತು ಅಂದಿಗೆ ಮುಗಿಯಿತು. ಟ್ರೇನಿನಲ್ಲಿ ವಾಪಸು ಬರುವಾಗ ಶ್ರೀಪ್ರಿಯಾ ಐರೋಲಿಯವರೆಗೂ ಅಪ್ಪನಿಗೆ ತನ್ನ ಕೆಲಸ ಏನೆಂದು ವಿವರಿಸಿದಳು. ಈ ಸಲ ಪೂರ್ತಿ ಕನ್ನಡದಲ್ಲಿ, ತಡವರಿಸಿ ತಡವರಿಸಿ. ರಾಯರು ಮಧ್ಯೆ ಎರಡು ಸಲ ತಿಳಿಯಲಿಲ್ಲ ಎಂದು ಹೇಳಿದರು. ಅವಳು ಎರಡು ಸಲವೂ ಮತ್ತೆ ಹೇಳಿದಳು.

ಮೂಲೆ ಸಿದ್ಧವಾಗಲು ಏಳು ತಿಂಗಳು ಹಿಡಿಯಿತು. ಕಲ್ಲಿನ ಬೆಂಚುಗಳು, ನಲ್ಲಿ, ಎರಡು ದೀಪ, ಮರದ ಸುತ್ತ ಕಟ್ಟೆ. ಉದ್ಘಾಟನೆಗೆ ಒಬ್ಬ ದೊಡ್ಡ ಅತಿಥಿಯನ್ನು ಕರೆಸಿದ್ದರು. ಅವರು ಬಂದದ್ದು ಒಂದೂವರೆ ತಾಸು ತಡವಾಗಿ, ಸರಿಯಾಗಿ ರೊಟ್ಟಿಯ ಹೊತ್ತಿಗೆ. ಆ ಹೊತ್ತಿಗೆ ಜನ ಉದ್ಘಾಟನೆಗೆ ಕಟ್ಟಿದ್ದ ಟೇಪಿನ ಕೆಳಗೆ ನುಸುಳಿ ಒಳಗೆ ಬಂದಾಗಿತ್ತು. ಶರಣಬಸಮ್ಮನ ಗುಂಪು ಬುತ್ತಿ ಬಿಚ್ಚಿತ್ತು. ಅತಿಥಿಗೆಂದು ಹೂ ಕಟ್ಟಿದ್ದ ಬೆಂಚಿನ ಮೇಲೆ ಹಳೆ ಊರಿನ ನಾಲ್ವರು ಅಜ್ಜಂದಿರು ಇಸ್ಪೀಟು ಹಾಕಿದ್ದರು. ಏಳಿ ಎಂದು ಹೇಳುವುದು ಆ ಜಾಗದಲ್ಲಿ ಸಾಧ್ಯವಿರಲಿಲ್ಲ. ಹಾಗೆ ಹೇಳಬಾರದೆಂದೇ ಅದನ್ನು ಕಟ್ಟಿದ್ದು. ಅತಿಥಿಗಳು ಸ್ವಲ್ಪ ಹೊತ್ತು ನಿಂತು, ಕೊನೆಗೆ ಮರದ ಕಟ್ಟೆಯ ತುದಿಯಲ್ಲಿ ಕೂತರು. ವನಮಾಲಾ ಕುಡಿಯಲು ನೀರು ಕೊಟ್ಟಳು. ಭಾಷಣ ಎರಡು ನಿಮಿಷದಲ್ಲಿ ಮುಗಿಯಿತು, ಆದರೆ ಅತಿಥಿಗಳು ಏಳಲಿಲ್ಲ. ಚಹಾ ಕುಡಿದರು, ಇಸ್ಪೀಟಿನ ಒಂದು ಆಟ ನೋಡಿದರು, ಮಾಜಿವಾಡಾದಲ್ಲಿ ಇದ್ದ ಮುಂದಿನ ಕಾರ್ಯಕ್ರಮ ತಪ್ಪಿಸಿಕೊಂಡರು.

ಸಾಹೇಬರು ಬೆವರು ಒರಸಿಕೊಳ್ಳುತ್ತ, ಅತಿಥಿಯ ವ್ಯವಸ್ಥೆ ನೋಡಿಕೊಳ್ಳಬೇಕಾದ ಸ್ವಯಂಸೇವಕರು ಎಲ್ಲಿ ಎಂದು ಶ್ರೀಪ್ರಿಯಾಳನ್ನು ಕೇಳಿದರು. ಅವಳು ತೋರಿಸಿದಳು. ಪೂರ್ವಕ್ಕೆ ಮುಖವಿದ್ದ ಬೆಂಚಿನಲ್ಲಿ, ಅಕ್ಕು ಚಿಕ್ಕಮ್ಮನ ಪಕ್ಕ, ವಿಷ್ಣುಮೂರ್ತಿ ರಾಯರು ಬಾಯಿ ತೆರೆದು ನಿದ್ದೆ ಹೋಗಿದ್ದರು. ವಸಂತಿಯವರು ಎಬ್ಬಿಸಲು ಎದ್ದರು. ಶ್ರೀಪ್ರಿಯಾ ಬೇಡವೆಂದು ಕೈಸನ್ನೆ ಮಾಡಿ, ಕ್ಯಾಮರಾ ತೆಗೆದು ಒಂದು ಫೋಟೋ ಹೊಡೆದಳು.

ಆ ಫೋಟೋ ಸಂಸ್ಥೆಯ ವಾರ್ಷಿಕ ವರದಿಯ ಮುಖಪುಟಕ್ಕೆ ಬಂತು. ಅಡಿಯಲ್ಲಿ, 'ಘಣಸೋಲಿಯ ನಿವಾಸಿಯೊಬ್ಬರು ಸಾರ್ವಜನಿಕ ಸ್ಥಳವನ್ನು ಪೂರ್ಣವಾಗಿ ಬಳಸುತ್ತಿರುವುದು' ಎಂದು ಬರೆದಿತ್ತು. ರಾಯರು ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಸಂಸ್ಥೆಗೆ ಒಂದು ಪತ್ರ ಬರೆದರು. ತಾನು ಘಣಸೋಲಿಯವನಲ್ಲ, ಐರೋಲಿಯವನು. ದಯವಿಟ್ಟು ತಿದ್ದುಪಡಿ ಮಾಡಬೇಕು. ನಿದ್ದೆಯ ಬಗ್ಗೆ ಅವರ ತಕರಾರು ಏನೂ ಇರಲಿಲ್ಲ.